ಪೂಲ್ ಪಂಪಿನ ಗುಂಯ್ ಸದ್ದು ಮತ್ತು ಪೇಟೆಯ ವೈಂಡಿಂಗ್ ಅಂಗಡಿ

ಆಚೆಮನೆ ಅಕ್ಕೋರ ಮಂಚದ ಪಕ್ಕ ಒಂದು ಸ್ಟೂಲು. ಅದರ ಮೇಲೆ ಕುಡಿಯುವ ನೀರಿನ ತಾಮ್ರದ ತಂಬಿಗೆ, ತಂಬಿಗೆಯ ಬಾಯಿಗೆ ಸ್ಟೀಲಿನ ಸಣ್ಣ ತಟ್ಟೆ. ರಾತ್ರಿ ಹತ್ತಕ್ಕೆ ನಮ್ಮ ಈಜುಕೊಳದ ಪಂಪು ಶುರುವಾದರೆ ಆ ತಟ್ಟೆ ಜಿರ್ ಜಿರ್ ಅಂತ ಅದುರಲು ಹಿಡಿಯುತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಪಂಪು ನಿಂತ ಮೇಲೆಯೇ ಅದಕ್ಕೂ ಸುಮ್ಮನಿರುವ ಯೋಗ. ನನಗೆ ಮೂರನೇ ಇಯತ್ತೆಯಲ್ಲಿ ಮಗ್ಗಿ ಕಲಿಸಿದ ಅಕ್ಕೋರು ಎಷ್ಟು ತಿಂಗಳು ಆ ಸದ್ದು ಕೇಳುತ್ತ ಮಲಗಿದ್ದರೋ! ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಕುಮಟಾದಿಂದ ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ, ಅಘನಾಶಿನಿ ಹೊಳೆಯ ಸೆರಗಿನ ಊರು ನಮ್ಮದು. ನಾಲ್ಕು ಕೋಣೆಯ ಹೋಂಸ್ಟೇ ನಡೆಸುತ್ತೇವೆ. ಎರಡು ವರ್ಷದ ಹಿಂದೆ ಹಿತ್ತಲಲ್ಲಿ 8 ಮೀಟರು ಉದ್ದ, 4 ಮೀಟರು ಅಗಲ, ಸರಾಸರಿ 1.2 ಮೀಟರು ಆಳದ ಪೂಲು ಮಾಡಿಸಿದೆವು. ಅದಕ್ಕೆ ಹಿಡಿಯುವ ನೀರು 38,400 ಲೀಟರು. ಕೂರಿಸಿದ್ದು ಒಂದು ಎಚ್‌ಪಿ ಪಂಪು, ಒಂದು ಸ್ಯಾಂಡ್ ಫಿಲ್ಟರು. ಈ ಬರಹ ಆ ಪಂಪಿನ ಸದ್ದನ್ನು ಹಿಡಿತಕ್ಕೆ ತಂದುಕೊಟ್ಟ ಪೇಟೆಯ ಮೋಟರ್ ವೈಂಡಿಂಗ್ ಅಂಗಡಿಯ ಬಗ್ಗೆ. ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಅರ್ಧ ಯಾಕೆ ಕಡಿಮೆ ಎಂದು ಕೊನೆಗೆ ಹೇಳುತ್ತೇನೆ. ಕರಾವಳಿಯಲ್ಲಿ ಈಗ ಹೋಂಸ್ಟೇಗೊಂದು ಪೂಲು ಆಗುತ್ತಿದೆ, ಹಿತ್ತಲಿಗೆ ಹಿತ್ತಲು ತಾಗಿದ ಊರುಗಳು ನಮ್ಮವು. ನಾಲ್ಕು ಜನರಿಗೆ ಉಪಯೋಗ ಆದೀತೆಂದು ಸ್ವಲ್ಪ ಉದ್ದಕ್ಕೇ ಬರೆದಿದ್ದೇನೆ.

ವಿಷಯ ನನಗೆ ಗೊತ್ತಾದದ್ದು ಅಕ್ಕೋರು ಮಂಚ ಬಿಟ್ಟು ಜಗಲಿಯಲ್ಲಿ ಚಾಪೆ ಹಾಸಿದಾಗ. ಚಳಿಗಾಲದ ಬೆಳಿಗ್ಗೆ, ಹಾಲು ಕೊಡಲು ಹೋದವನು ನೋಡಿದೆ. ಎಪ್ಪತ್ತೆಂಟರ ಪ್ರಾಯದಲ್ಲಿ ಜಗಲಿಯ ತಣ್ಣಗಿನ ನೆಲ. ಯಾಕೆ ಎಂದು ಕೇಳಿದ್ದಕ್ಕೆ ಮೊದಲು ಸೆಕೆ ಅಂದರು. ಮಾರ್ಗಶಿರದಲ್ಲಿ ಎಂತ ಸೆಕೆ? ಮತ್ತೆ ಕೇಳಿದೆ.

"ತಮಾ, ಬೇಜಾರು ಮಾಡ್ಕೋಬೇಡ. ನಿಮ್ಮ ಮೋಟರು ರಾತ್ರಿ ನನ್ನ ಗೋಡೆಯೊಳಗೆ ಬರ್ತದೆ" ಅಂದರು. "ದೂರದಲ್ಲಿ ಆಟ ನಡೀತಿದ್ರೆ ಚಂಡೆ ಸದ್ದಿಗೆ ನಂಗೆ ಚಲೋ ನಿದ್ದೆ ಬರ್ತದೆ. ಅದು ಏರ್ತದೆ, ಇಳೀತದೆ, ನಿಲ್ತದೆ. ಇದು ನಿಲ್ಲೂದೇ ಇಲ್ಲ."

ಗೋಡೆಯೊಳಗೆ ಬರುತ್ತದೆ ಎಂದು ಅವರು ಹೇಳಿದ ಮಾತೇ ಸರಿಯಾದ ತಪಾಸಣೆ ಆಗಿತ್ತು. ಆವತ್ತು ನನಗೆ ಅದು ತಿಳಿಯಲಿಲ್ಲ. ವಯಸ್ಸಾದವರ ಮಾತಿನ ರೀತಿ ಅಂದುಕೊಂಡೆ. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ಆ ರಾತ್ರಿ ಅವರ ಕಿಟಕಿಯ ಹತ್ತಿರ ನಿಂತೆ. 43 ಡೆಸಿಬಲ್ ತೋರಿಸಿತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಕಾನೂನಿನ ಲೆಕ್ಕದಲ್ಲಿ ನಾನು ಪಾಸಾಗಿದ್ದೆ. ಆದರೆ ಅಕ್ಕೋರು ಇನ್ನೂ ಜಗಲಿಯಲ್ಲೇ ಮಲಗುತ್ತಿದ್ದರು.

ಈ ಅಂಕಿ ಯಾಕೆ ಮೋಸ ಮಾಡುತ್ತದೆ ಎಂಬುದು ಆಮೇಲೆ ಓದಿ ತಿಳಿದದ್ದು. ಡೆಸಿಬಲ್ ಮೀಟರುಗಳು ಸಾಮಾನ್ಯವಾಗಿ 'ಎ' ತೂಕ ಎಂಬ ಲೆಕ್ಕ ಬಳಸುತ್ತವೆ. ನಮ್ಮ ಕಿವಿಗೆ ತಗ್ಗು ಸ್ವರ ಕಡಿಮೆ ಕೇಳುತ್ತದೆಂದು ಅದನ್ನು ಕಳೆದು ತೋರಿಸುವ ಕ್ರಮ ಅದು. ನಮ್ಮಲ್ಲಿ ಬರುವ ಕರೆಂಟು 50 ಹರ್ಟ್ಸ್. ಅದರ ದುಪ್ಪಟ್ಟು, ಅಂದರೆ 100 ಹರ್ಟ್ಸ್‌ನಲ್ಲಿ ಮೋಟರು ಗುಂಯ್ ಎನ್ನುತ್ತದೆ. ಆ ಸ್ವರಕ್ಕೆ ಮೀಟರು ಸುಮಾರು 19 ಡೆಸಿಬಲ್ ಕಡಿತ ಹಾಕುತ್ತದೆ. ಜೀರುಂಡೆಯ ಸದ್ದಿಗಾದರೆ ಅಂಥ ಕಡಿತವೇ ಇಲ್ಲ. ಅಲ್ಲದೆ ನಾನು ಅಳೆದದ್ದು ಹೊರಗೆ ನಿಂತು, ಗಾಳಿಯಲ್ಲಿ ಬಂದ ಸದ್ದನ್ನು. ಅಕ್ಕೋರು ಮಲಗಿದ್ದು ಒಳಗೆ, ಗೋಡೆಗೆ ತಾಗಿದ ಮಂಚದ ಮೇಲೆ.

ಮೊದಲು ನಾನು ಮಾಡಿದ್ದು ದುಡ್ಡು ದಂಡ. ಸ್ಟುಡಿಯೋಗಳಲ್ಲಿ ಗೋಡೆಗೆ ಅಂಟಿಸುವಂಥ ಮೊನೆಮೊನೆಯ ಕಪ್ಪು ಫೋಮನ್ನು ಆನ್‌ಲೈನಿನಲ್ಲಿ ತರಿಸಿ, ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿ, ಒಳಗೆಲ್ಲ ಅಂಟಿಸಿ ಪಂಪಿನ ಮೇಲೆ ಕವುಚಿದೆ. 3,200 ರೂಪಾಯಿ. ಪೂಲಿನ ಬದಿ ನಿಂತವರಿಗೆ ಕಿರ್ ಎನ್ನುವ ಮೇಲುಸ್ವರ ಸ್ವಲ್ಪ ಕಡಿಮೆಯಾಯಿತು, ಗುಂಯ್ ಹಾಗೇ ಉಳಿಯಿತು. ಫೋಮು ಕೋಣೆಯೊಳಗಿನ ಪ್ರತಿಧ್ವನಿ ಹೀರಲು ಇರುವಂಥದ್ದು. ಸದ್ದು ಆಚೆ ದಾಟದಂತೆ ತಡೆಯಲು ಭಾರ ಬೇಕು, ಫೋಮಿಗೆ ಭಾರವೇ ಇಲ್ಲ. ಗಾಳಿಯಾಡದೆ ಮೋಟರು ಕಾದು ಮೂರನೇ ದಿನ ತಾನಾಗಿ ನಿಂತಿತು. ಯಾರಾದರೂ ಪಂಪಿಗೆ ಪೆಟ್ಟಿಗೆ ಮುಚ್ಚಲು ಹೊರಟಿದ್ದರೆ ದಯವಿಟ್ಟು ಇದನ್ನು ಓದಿ ನಿಲ್ಲಿಸಿ. ಮೋಟರಿನ ಹಿಂದಿನ ಫ್ಯಾನಿಗೆ ತಣ್ಣನೆಯ ಗಾಳಿ ಸಿಗಲೇಬೇಕು.

ನಿಂತ ಮೋಟರು ಹೊತ್ತುಕೊಂಡು ಹೋದದ್ದು ಆ ಅಂಗಡಿಗೆ. ಹತ್ತು ಅಡಿ ಅಗಲದ ಜಾಗ, ತಾಮ್ರದ ತಂತಿಯ ಸುರುಳಿಗಳು, ವಾರ್ನಿಷಿನ ವಾಸನೆ, ನೆಲದ ತುಂಬ ಬಾವಿ ಪಂಪುಗಳು. ಅಂಗಡಿಯಣ್ಣ ಮೋಟರು ಬಿಚ್ಚುವ ಮೊದಲು ಕೇಳಿದ್ದು ಒಂದೇ ಮಾತು: "ಇದನ್ನು ಎಲ್ಲಿ ಕೂರಿಸಿದ್ದೀರಿ?" ನಾನು ವಿವರಿಸಿದೆ. "ನೋಡದೆ ಹೇಳೂದಿಲ್ಲ, ನಾಳೆ ಬರ್ತೇನೆ. ಇದನ್ನು ವಾಪಸು ಕೂರಿಸಿ ಇಡಿ" ಅಂದರು. ತಂದ ಮೋಟರನ್ನು ಬಿಚ್ಚಿ ಬಿಲ್ಲು ಮಾಡಬಹುದಿತ್ತು, ಮಾಡಲಿಲ್ಲ. ನನಗೆ ಅವರ ಮೇಲೆ ಭರವಸೆ ಬಂದದ್ದು ಅಲ್ಲಿ.

ಮರುದಿನ ಬಂದವರು ಪಂಪು ಓಡಿಸಿ, ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿನ ಮುಂದಿನ ಬೇರಿಂಗಿನ ಜಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದರು. ಆಮೇಲೆ ಹಿಂದಿನದಕ್ಕೆ. ಆಮೇಲೆ ಪೈಪಿಗೆ. ಕೊನೆಗೆ ಕಂಪೌಂಡಿನ ಗೋಡೆಗೆ. ಗೋಡೆಗೆ ಹಚ್ಚಿದಾಗ ನನ್ನನ್ನು ಕರೆದು ಹಿಡಿಯನ್ನು ನನ್ನ ಕಿವಿಗೆ ಇಟ್ಟರು. ಮೋಟರು ಕಲ್ಲಿನೊಳಗೇ ಇದ್ದ ಹಾಗೆ ಕೇಳಿಸಿತು.

ನಮ್ಮದೂ ಅಕ್ಕೋರದೂ ಹಿಂದೆ ಒಂದೇ ಜಾಗ. ಹಿಸ್ಸೆಯಾದ ಮೇಲೆ ಎದ್ದ ಚಿರೆಕಲ್ಲಿನ ಕಂಪೌಂಡು ಅವರ ಉತ್ತರದ ಕೋಣೆಯ ಗೋಡೆಗೆ ಹೋಗಿ ಸೇರುತ್ತದೆ. ಪೂಲು ಮಾಡಿದವರು ಜಾಗ ಉಳಿಸಲೆಂದು ಪಂಪಿನ ಕಾಂಕ್ರೀಟು ಕಟ್ಟೆಯನ್ನು ಆ ಕಂಪೌಂಡಿಗೇ ಅಂಟಿಸಿ ಹಾಕಿದ್ದರು. ಪಂಪನ್ನು ಕಟ್ಟೆಗೆ ಬೋಲ್ಟು ಹಾಕಿ ಬಿಗಿದಿದ್ದರು. ಮೇಲೆ ಹೋಗುವ ಪಿವಿಸಿ ಪೈಪುಗಳಿಗೆ ಕಬ್ಬಿಣದ ಕ್ಲಾಂಪು ಹೊಡೆದು ಅದೇ ಗೋಡೆಗೆ ನಿಲ್ಲಿಸಿದ್ದರು. ಕಟ್ಟೆಯಿಂದ, ಬೋಲ್ಟಿನಿಂದ, ಪೈಪಿನಿಂದ, ಹೀಗೆ ಮೂರು ದಾರಿಯಲ್ಲಿ ಅದುರು ಗೋಡೆಗೆ ಇಳಿದು, ಕಲ್ಲಿನ ಉದ್ದಕ್ಕೂ ನಡೆದು ಅಕ್ಕೋರ ಮಂಚಕ್ಕೆ ಹೋಗುತ್ತಿತ್ತು. ಗಾಳಿಯಲ್ಲಿ ಬರುವ ಸದ್ದು ದೂರ ದುಪ್ಪಟ್ಟಾದರೆ ಸುಮಾರು ಆರು ಡೆಸಿಬಲ್ ಇಳಿಯುತ್ತದೆ. ಕಲ್ಲಿನಲ್ಲಿ ಹೋಗುವುದು ಹಾಗೆ ಸೋರಿ ಹೋಗುವುದಿಲ್ಲ.

ಅಣ್ಣ ಆಮೇಲೆ ಅಕ್ಕೋರ ಮನೆಗೆ ಹೋಗಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಅಕ್ಕೋರೇ, ಒಂದು ಸಲ ಕೋಣೆ ನೋಡ್ಬಹುದಾ?" ಎಂದು ಕೇಳಿ ಒಳಗೆ ಬಂದರು. ತಂಬಿಗೆಯ ಮೇಲಿನ ತಟ್ಟೆ ಅದುರುವುದನ್ನು ನನಗೆ ತೋರಿಸಿದ್ದು ಅವರೇ. ತಟ್ಟೆಯ ಮೇಲೆ ಬೆರಳಿಟ್ಟರು, ಸದ್ದು ನಿಂತಿತು. ಬೆರಳು ತೆಗೆದರು, ಜಿರ್ ಎಂದಿತು. ನಾನು ತಲೆ ಎತ್ತಲಿಲ್ಲ. ಅಕ್ಕೋರು ಇಬ್ಬರಿಗೂ ಕಷಾಯ ಕೊಟ್ಟರು.

ಕೆಲಸ ಹೀಗೆ ನಡೆಯಿತು. ಮೊದಲು ಬೇರಿಂಗು. ಮೋಟರಿನ ಮುಂದೆ 6204, ಹಿಂದೆ 6203. ಎರಡಕ್ಕೂ ತಗಡಿನ ಮುಚ್ಚಳದ ಜಾತಿ ಹಾಕಿದ್ದರು. ಅಣ್ಣ ಮುಂದಿನದನ್ನು ಪುಲ್ಲರಿನಿಂದ ಎಳೆದು ನನ್ನ ಅಂಗೈಗೆ ಹಾಕಿ ತಿರುಗಿಸಲು ಹೇಳಿದರು. ಸಕ್ಕರೆ ಹರಳು ಸಿಕ್ಕಿದ ಹಾಗೆ ಕರಕರ ಅನ್ನುತ್ತಿತ್ತು, ಅಂಚಿನಲ್ಲಿ ಕಂದು ನೀರು. ಪಂಪಿನ ನೀರು ಮೋಟರಿನ ಕಡೆ ಬರದಂತೆ ತಡೆಯುವ ಮೆಕ್ಯಾನಿಕಲ್ ಸೀಲು ಸೋರಿ, ಕ್ಲೋರಿನ್ ನೀರು ಶಾಫ್ಟಿನ ಗುಂಟ ಹನಿಯುತ್ತ ಬೇರಿಂಗಿಗೆ ಇಳಿದಿತ್ತು. ಮೇಲಿಂದ ಸಮುದ್ರದ ಉಪ್ಪು ಗಾಳಿ ಬೇರೆ. ಸೀಲು ಬದಲಿಸದೆ ಬೇರಿಂಗು ಮಾತ್ರ ಹಾಕಿದರೆ ಆರು ತಿಂಗಳಿಗೆ ಮತ್ತೆ ಇದೇ ಪಾಡು ಎಂದು ಹೇಳಿ ಎರಡನ್ನೂ ಬದಲಿಸಿದರು. ಹೊಸದಕ್ಕೆ ರಬ್ಬರ್ ಸೀಲಿನ ಟೂ-ಆರ್‌ಎಸ್ ಜಾತಿ. ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿಯಲಿಲ್ಲ. ಬಿಸಿ ಮಾಡಿ ಹಿಗ್ಗಿಸಿ ಶಾಫ್ಟಿಗೆ ಜಾರಿಸಿದರು. ಬಡಿದು ಕೂರಿಸಿದರೆ ಗುಂಡುಗಳ ದಾರಿಯಲ್ಲಿ ಗುಳಿ ಬಿದ್ದು ಹೊಸದರಿಂದಲೇ ಸದ್ದು ಬರುತ್ತದಂತೆ. ಸಾಮಾನು, ಕೂಲಿ ಎಲ್ಲ ಸೇರಿ 1,850 ರೂಪಾಯಿ.

ಆಮೇಲೆ ಕಟ್ಟೆ. ಹಳೆಯದನ್ನು ಒಡೆದು ತೆಗೆದು, ಕಂಪೌಂಡಿನಿಂದ ಎರಡು ಅಡಿ ಈಚೆ, ಯಾವ ಗೋಡೆಗೂ ತಾಗದಂತೆ ಹೊಸ ಕಟ್ಟೆ ಹಾಕಿದೆವು. ಪಂಪಿನ ಕಾಲಿನ ಕೆಳಗೆ ನಾಲ್ಕು ನಿಯೋಪ್ರೀನ್ ರಬ್ಬರ್ ಪ್ಯಾಡು, 600 ರೂಪಾಯಿ. ಬೋಲ್ಟಿಗೂ ರಬ್ಬರ್ ವಾಶರು. ಇಲ್ಲದಿದ್ದರೆ ಕೆಳಗೆ ರಬ್ಬರು ಇದ್ದೂ ಬೋಲ್ಟಿನ ಮೂಲಕ ಅದುರು ಇಳಿಯುತ್ತದೆ. ಈ ಚಿಕ್ಕ ವಾಶರನ್ನು ತುಂಬ ಜನ ಮರೆಯುತ್ತಾರೆ ಎಂದರು. ಪೈಪುಗಳನ್ನು ಗೋಡೆಯಿಂದ ಬಿಡಿಸಿ ನೆಲದಲ್ಲಿ ತಮ್ಮದೇ ಕಂಬದ ಮೇಲೆ ನಿಲ್ಲಿಸಿ, ಕ್ಲಾಂಪಿನೊಳಗೆ ಹಳೆಯ ಟ್ಯೂಬಿನ ಪಟ್ಟಿ ಸುತ್ತಿದರು. ಪಂಪಿನ ಎರಡೂ ಬಾಯಿಗೆ ಒಂದೊಂದು ಮೊಳ ಒತ್ತಡ ತಡೆಯುವ ಬಳುಕುವ ಹೋಸು ಹಾಕಿದರು.

ನೀರು ಎಳೆಯುವ ಬದಿಯ ಪೈಪು 50 ಮಿಲಿಮೀಟರಿನದು, ಪಂಪಿನ ಬಾಯಿಯ ಹತ್ತಿರವೇ ಗಕ್ಕನೆ ತಿರುಗುವ ಎಲ್ಬೋ. ಅದನ್ನು 63ಕ್ಕೆ ಏರಿಸಿ, ಪಂಪಿಗೆ ಬರುವ ಮೊದಲು ಒಂದೂವರೆ ಅಡಿ ನೇರ ಪೈಪು ಇಟ್ಟರು. ನೀರಿಗೆ ದಾರಿ ಇಕ್ಕಟ್ಟಾದರೆ ಎಳೆತ ಹೆಚ್ಚಿ ಪಂಪಿನೊಳಗೆ ಆವಿಯ ಗುಳ್ಳೆ ಎದ್ದು ಒಡೆಯುತ್ತದೆ. ಡಬ್ಬಿಯಲ್ಲಿ ಜಲ್ಲಿ ಅಲ್ಲಾಡಿಸಿದ ಹಾಗೆ ಸದ್ದು. ನಮ್ಮಲ್ಲಿ ಆ ಸದ್ದು ವಾರಕ್ಕೆರಡು ಸಲ ಬರುತ್ತಿತ್ತು. ನಾನು ಅದನ್ನು ಮೋಟರಿನ ದೋಷ ಅಂದುಕೊಂಡಿದ್ದೆ. ನಿಜದಲ್ಲಿ ಪಂಪಿನ ಬಾಯಲ್ಲಿ ಕಸ ಹಿಡಿಯುವ ಬುಟ್ಟಿಯೊಳಗೆ ಗಾಳಿಮರದ ಸೂಜಿ ಎಲೆ ತುಂಬಿಕೊಂಡಿರುತ್ತಿತ್ತು. ಈಗ ದಿನಾ ಬೆಳಿಗ್ಗೆ ಬುಟ್ಟಿ ಕೊಡಹುತ್ತೇನೆ. ಆ ಬುಟ್ಟಿಯ ಮುಚ್ಚಳದ ಓ-ರಿಂಗಿಗೆ, ಅಂದರೆ ರಬ್ಬರ್ ಬಳೆಗೆ, ಪೆಟ್ರೋಲಿಯಂ ಜೆಲ್ಲಿ ಹಚ್ಚುತ್ತಿದ್ದೆ. ಅದು ರಬ್ಬರನ್ನು ಉಬ್ಬಿಸಿ ಗಾಳಿ ಸೋರುವ ಹಾಗೆ ಮಾಡಿತ್ತು. ಸಿಲಿಕೋನ್ ಗ್ರೀಸೇ ಹಚ್ಚಬೇಕು. ಪ್ಲಂಬರ್ ಕೆಲಸ, ಪೈಪು, ಸಿಮೆಂಟು ಎಲ್ಲ ಸೇರಿ 7,400 ರೂಪಾಯಿ.

ಕೆಲಸ ಮುಗಿದ ರಾತ್ರಿ ಹತ್ತಕ್ಕೆ ನಾನು ಪಂಪು ಹಾಕಿ ಅಕ್ಕೋರ ಕೋಣೆಗೆ ಓಡಿದೆ. ತಂಬಿಗೆಯ ತಟ್ಟೆ ಸುಮ್ಮನಿತ್ತು. ಗೋಡೆಗೆ ಕಿವಿ ಹಚ್ಚಿದರೆ ಬಹಳ ದೂರದಲ್ಲಿ ಏನೋ ಇದ್ದ ಹಾಗೆ ಮಾತ್ರ. ಕಿಟಕಿಯ ಹೊರಗೆ ಆ್ಯಪ್ 43ರ ಬದಲು 40 ತೋರಿಸಿತು. ಅಂಕಿಯಲ್ಲಿ ಮೂರೇ ಮೂರರ ವ್ಯತ್ಯಾಸ, ಕೋಣೆಯೊಳಗೆ ಮಾತ್ರ ಹಗಲು ರಾತ್ರಿಯಷ್ಟು ಅಂತರ. ಅಕ್ಕೋರು ಮಂಚದ ಮೇಲೆ ಕೂತು ಸ್ವಲ್ಪ ಹೊತ್ತು ಕಿವಿಗೊಟ್ಟು, "ಹೌದು, ಹೋಯ್ತು" ಅಂದರು. ಮರುದಿನ ಜಗಲಿಯ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದ್ದರು.

ಅಣ್ಣ ಇನ್ನೊಂದು ಪ್ರಶ್ನೆ ಕೇಳಿದ್ದರು, ಅದಕ್ಕೆ ಬಿಡಿಗಾಸಿನ ಖರ್ಚೂ ಇರಲಿಲ್ಲ. "ರಾತ್ರಿ ಯಾಕೆ ಓಡಿಸ್ತೀರಿ?" ಪೂಲಿನವರು ಟೈಮರನ್ನು ಹಾಗೆ ಇಟ್ಟು ಹೋಗಿದ್ದರು, ನಾನು ಮುಟ್ಟಿರಲಿಲ್ಲ. ಕ್ಲೋರಿನ್ ಹಾಳಾಗುವುದು ಬಿಸಿಲಿಗೆ, ಜನ ಇಳಿಯುವುದು ಹಗಲು. ನೀರು ತಿರುಗಬೇಕಾದ್ದೂ ಆಗಲೇ. ನಮ್ಮ ಪಂಪು ಗಂಟೆಗೆ 12,000 ಲೀಟರಿನ ಹತ್ತಿರ ದೂಡುತ್ತದೆ. ಕೊಳದ ನೀರು ಒಂದು ಸುತ್ತು ಬರಲು ಮೂರು ಗಂಟೆ ಹನ್ನೆರಡು ನಿಮಿಷ ಸಾಕು. ನಾವು ಆರು ಗಂಟೆ ಓಡಿಸುತ್ತಿದ್ದೆವು, ಅದೂ ನೆರೆಮನೆ ಮಲಗಿರುವಾಗ.

ಟೈಮರು ಹಗಲಿಗೆ ಬಂತು. ಆದರೆ ಊಟವಾದ ಮೇಲೆ ಅಕ್ಕೋರು ಒಂದು ತಾಸು ಮಲಗುತ್ತಾರೆ, ನಮ್ಮ ಅತಿಥಿಗಳೂ ಪೂಲಿನ ಬದಿ ಪುಸ್ತಕ ಹಿಡಿದು ಕೂರುತ್ತಾರೆ. ಹಾಗಾಗಿ ಮೂರು ತಿಂಗಳ ನಂತರ ವೇಗ ಬದಲಿಸಬಹುದಾದ ಇನ್ವರ್ಟರ್ ಪಂಪು ಕೊಂಡೆ, 72,000 ರೂಪಾಯಿ. ಹಳೆ ಮೋಟರಿಗೇ ವೇಗ ಇಳಿಸುವ ಡ್ರೈವು ಹಾಕಬಹುದೇ ಎಂದು ಕೇಳಿದ್ದೆ. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟರಿಗೆ ಅದು ಹೊಂದುವುದಿಲ್ಲ, ಸುಟ್ಟೀತು ಎಂದರು. ಹೊಸದನ್ನು ಅರ್ಧ ವೇಗದಲ್ಲಿ ಏಳು ಗಂಟೆ ಓಡಿಸುತ್ತೇನೆ. ವೇಗ ಅರ್ಧವಾದರೆ ನೀರು ಅರ್ಧ ಬರುತ್ತದೆ, ಆದರೆ ಬೇಕಾಗುವ ಶಕ್ತಿ ಎಂಟನೇ ಒಂದು ಪಾಲಿನ ಹತ್ತಿರ ಇಳಿಯುತ್ತದೆ. ಬಾವಿಯ ಪಂಪಿಗೆ ಈ ಲೆಕ್ಕ ಹಾಕಬೇಡಿ, ಅದು ನೀರನ್ನು ಮೇಲೆತ್ತಬೇಕು. ಪೂಲಿನಲ್ಲಿ ನೀರು ಅದೇ ಮಟ್ಟಕ್ಕೆ ಸುತ್ತಿ ಬರುವುದರಿಂದ ಮಾತ್ರ ನಡೆಯುತ್ತದೆ. ಹೆಸ್ಕಾಂ ಬಿಲ್ಲಿನಲ್ಲಿ ಇಳಿತ ಕಂಡಿದೆ. ಪಂಪಿನಿಂದ ಒಂದು ಮೀಟರು ದೂರದಲ್ಲಿ ಆ್ಯಪ್ ಮೊದಲು 68 ತೋರಿಸುತ್ತಿತ್ತು, ಈಗ 50. ಮಗ್ಗುಲಲ್ಲಿ ನಿಂತು ಮೆಲ್ಲಗೆ ಮಾತಾಡಬಹುದು.

ಆದರೂ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಮೊದಲು ಹತ್ತು ಸಾವಿರದ ಕೆಲಸ ಮಾಡಿಸಿ, ಆಮೇಲೆ ಎಪ್ಪತ್ತು ಸಾವಿರದ್ದು. ಹೊಸ ಪಂಪನ್ನು ಅದೇ ಹಳೆಯ ಕಟ್ಟೆಗೆ ಬಿಗಿದಿದ್ದರೆ ಬ್ಯಾಕ್‌ವಾಶಿಗೆಂದು, ಅಂದರೆ ನೀರನ್ನು ಹಿಮ್ಮುಖ ಹಾಯಿಸಿ ಫಿಲ್ಟರಿನ ಮರಳು ತೊಳೆಯಲೆಂದು, ಪೂರ್ತಿ ವೇಗಕ್ಕೆ ಏರಿಸಿದಾಗಲೆಲ್ಲ ಗೋಡೆ ಮತ್ತೆ ಗುಂಯ್ ಎನ್ನುತ್ತಿತ್ತು. ನಾನು ಹೊಸದರ ಬಗ್ಗೆ ವಿಚಾರಿಸಿದಾಗಲೂ ಅಣ್ಣ "ಮೊದಲು ಇದನ್ನು ಮಾಡುವ, ಮತ್ತೆ ನೋಡುವ" ಅಂದವರು. ಮಾರಿದರೆ ಅವರಿಗೂ ಲಾಭ ಇತ್ತು.

ಕೊನೆಯದಾಗಿ ಪಂಪಿಗೊಂದು ಗೂಡು ಕಟ್ಟಿಸಿದೆ, ಚಿರೆಕಲ್ಲಿನದು. ಮಿರ್ಜಾನ ಕೋಟೆ ಎದ್ದಿರುವುದೂ ಇದೇ ಕಲ್ಲಿನಲ್ಲಿ. ಭಾರ ಉಂಟು, ಮೈತುಂಬ ತೂತು ಉಂಟು. ಹೊರಗೆ ಗಾರೆ ಮಾಡಿ ಒಳಮೈಯನ್ನು ಹಾಗೇ ಬಿಡಲು ಹೇಳಿದ್ದು ಅಣ್ಣ, ತೂತುಗಳು ಸ್ವಲ್ಪ ಸದ್ದು ನುಂಗಲಿ ಎಂದು. ಗಾಳಿಯ ಕಂಡಿ ಅಕ್ಕೋರ ಮನೆಗೆ ಬೆನ್ನು ಮಾಡಿ ಹೊಳೆಯ ಕಡೆಗಿದೆ. ನೇರ ಕಂಡಿಯಲ್ಲ, ಒಂದು ತಿರುವು ಇರುವಂಥದ್ದು. ಗಾಳಿ ತಿರುಗಿ ಬರುತ್ತದೆ, ಸದ್ದು ತಿರುವಿನಲ್ಲಿ ಬಡಿದು ಸಾಯುತ್ತದೆ. ಮಾಡಿಗೆ ತಗಡು ಬೇಡವೆಂದು ಸ್ಲ್ಯಾಬು ಹಾಕಿದೆವು. ನಮ್ಮ ಮಳೆಗೆ ತಗಡು ಹಾಕಿದರೆ ಪಂಪಿಗಿಂತ ಅದರದೇ ಗಲಾಟೆ. ಕ್ಲೋರಿನ್ ಡಬ್ಬಿ, ಆ್ಯಸಿಡ್ಡು ಎರಡನ್ನೂ ಗೂಡಿನಿಂದ ಹೊರಗೆ, ಒಂದಕ್ಕೊಂದು ದೂರ ಇಡಿಸಿದರು. ಎರಡು ಸೇರಿದರೆ ವಿಷಗಾಳಿ ಏಳುತ್ತದೆ, ಹಬೆಗೇ ಮೋಟರು ತುಕ್ಕು ಹಿಡಿಯುತ್ತದೆ. ಗೂಡಿಗೆ 28,000 ರೂಪಾಯಿ ಆಯಿತು. ಇಷ್ಟು ಹಣ ಇದಕ್ಕೆ ಎಲ್ಲರೂ ಹಾಕಬೇಕೆಂದು ನಾನು ಹೇಳುವುದಿಲ್ಲ. ಗೋಡೆಯ ನಂಟು ಬಿಡಿಸಿದ ಮೇಲೆ ಇದರಿಂದ ಸಿಕ್ಕ ಹೆಚ್ಚಿನ ಲಾಭ ಸಣ್ಣದು.

ಅರ್ಧ ನಕ್ಷತ್ರ ಕಡಿಮೆಯಾದದ್ದು ಹೇಳಿದ ಹೊತ್ತಿಗೆ ಬಾರದ್ದಕ್ಕೆ. ಎರಡು ದಿನ ಎಂದದ್ದು ಎಂಟು ದಿನ ಹಿಡಿಯಿತು. ಆ ಎಂಟು ದಿನ ಪಂಪು ಇಲ್ಲದೆ ಪೂಲಿನ ನೀರು ಹಸಿರಾಗಿ, ಬಂದ ಒಂದು ಕುಟುಂಬಕ್ಕೆ ಹಣ ಹಿಂದೆ ಕೊಟ್ಟೆವು. ಫೋನು ಮಾಡಿದರೆ ಎತ್ತುವುದು ಕಡಿಮೆ, ಅಂಗಡಿಗೇ ಹೋಗಬೇಕು. ಬಿಲ್ಲು ಕೇಳಿ ಪಡೆಯಬೇಕು. ಕೇಳಿದ ಮೇಲೆ ಮಾತ್ರ ಒಂದೊಂದು ಸಾಮಾನಿನ ಬೆಲೆಯನ್ನೂ ಬೇರೆ ಬೇರೆ ಬರೆದು ಕೊಟ್ಟರು.

ಭಾನುವಾರ ಹತ್ತು ಗಂಟೆಗೆ ಬ್ಯಾಕ್‌ವಾಶು. ಐದು ನಿಮಿಷ ಪಂಪು ಪೂರ್ತಿ ವೇಗದಲ್ಲಿ ಓಡುತ್ತದೆ. ಶುರು ಮಾಡುವ ಮೊದಲು ಕಂಪೌಂಡಿನ ಹತ್ತಿರ ನಿಂತು "ಅಕ್ಕೋರೇ, ಹಾಕ್ತೇನೆ" ಎಂದು ಕೂಗುತ್ತೇನೆ. "ಹಾಕು ತಮಾ" ಎಂದು ಅಡುಗೆಮನೆಯಿಂದ ಉತ್ತರ ಬರುತ್ತದೆ. ಗೂಡಿನ ಬಾಗಿಲಿನ ಒಳಮೈಯಲ್ಲಿ ಅಣ್ಣ ಬಿಳಿ ಪೇಂಟಿನಿಂದ ಹೊಸ ಪಂಪು ಕೂರಿಸಿದ ತಾರೀಕು ಬರೆದಿದ್ದಾರೆ. ಅದರ ಕೆಳಗೆ, ಸೀಲು ನೋಡಲು ಅವರು ಮತ್ತೆ ಬರುವ ಹೊತ್ತು: ನವರಾತ್ರಿ.